ತಿಯಾಮಿಕೆಯ ಉಡಿ

ಹಿಂದಿನ ದಿನ ನನಗೆ ಎರಡು ಫೋನು ಬಂದವು. ಎರಡನ್ನೂ ಕೇಳಿದ ಮೇಲೆ ಯಾರ ಮಾತು ಕೇಳಬೇಕೆಂದು ತಿಳಿಯದೆ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತುಬಿಟ್ಟೆ.

ಮೊದಲನೆಯದು ಧಾರವಾಡದ ಒಂದು ತರಬೇತಿ ಸಂಸ್ಥೆಯ ನದೀಮ ಸಾಹೇಬರದು. ಭಾರತ ಸರ್ಕಾರದ ಖರ್ಚಿನಲ್ಲಿ ಆರು ದೇಶಗಳ ಹದಿನಾಲ್ಕು ಮಂದಿ ಕೃಷಿ ಅಧಿಕಾರಿಗಳು ಅವರಲ್ಲಿ ಮೂರು ವಾರದ ತರಬೇತಿಗೆ ಬಂದಿದ್ದರು. ಹೆಚ್ಚಿನವರು ಆಫ್ರಿಕಾದವರು. ಕೊನೆಯ ದಿನ ಅವರನ್ನು ನಮ್ಮ ಹಂಸಭಾವಿಗೆ ಕರೆತಂದು, ಬೆಂಡೆಯ ಹೈಬ್ರಿಡ್ ಬೀಜವನ್ನು ಇಲ್ಲಿಯ ಹೆಂಗಸರು ಬರಿಗೈಯಿಂದ ಹೇಗೆ ಮಾಡುತ್ತಾರೆಂದು ತೋರಿಸಬೇಕಿತ್ತು.

“ಎಲ್ಲಾ ತೋರಸ್ರಿ ಫಕ್ಕೀರೇಶ, ಏನೂ ಮುಚ್ಚಿಡಬ್ಯಾಡ್ರಿ. ಇವ್ರು ತಮ್ಮ ದೇಶಕ್ಕ ಹೋಗಿ ಭಾರತದವ್ರು ನಮ್ಮ ಮಂದಿ ಅನ್ನಬೇಕು. ದಿಲ್ಲಿಯವ್ರಿಗೆ ಬೇಕಾಗಿದ್ದು ಅಷ್ಟ,” ಎಂದರು ಸಾಹೇಬರು.

ಎರಡನೆಯದು ನಮ್ಮ ಬೀಜದ ಕಂಪನಿಯ ಮ್ಯಾನೇಜರನದು. ನಾನು ಆ ಕಂಪನಿಯ ಆರ್ಗನೈಸರ್. ಕಂಪನಿಯಿಂದ ಗಂಡು ತಳಿಯ ಬೀಜವನ್ನೂ ಹೆಣ್ಣು ತಳಿಯ ಬೀಜವನ್ನೂ ತಂದು ರೈತರಿಗೆ ಕೊಡುವುದು, ಎರಡರ ಹೂಗಳನ್ನೂ ಕೈಯಿಂದ ಕೂಡಿಸಿ ಕ್ರಾಸಿಂಗ್ ಮಾಡಿಸಿ ಹುಟ್ಟಿದ ಹೈಬ್ರಿಡ್ ಬೀಜವನ್ನು ಕಂಪನಿಗೆ ಮುಟ್ಟಿಸುವುದು ನನ್ನ ಕೆಲಸ.

“ಕೆಲಸ ತೋರ್ಸು, ಬೀಜ ತೋರಿಸಬ್ಯಾಡ,” ಎಂದ ಮ್ಯಾನೇಜರ. “ಅದರಾಗೂ ಗಂಡಿನ ಬೀಜ. ಒಂದ ಕಾಳು ಹೊರಗ ಹೋತಂದ್ರ ನಿಮ್ಮವ್ವನ ಪ್ಲಾಟು ರಿಜೆಕ್ಟ್. ಮುಂದಿನ ವರ್ಷದಿಂದ ಅಕಿ ಕೈಯಾಗ ನಮ್ಮ ಬೀಜ ಕೊಡಂಗಿಲ್ಲ ನೋಡು.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗಂಡು ತಳಿ ಯಾರ ಬಳಿ ಇದೆಯೋ ಹೈಬ್ರಿಡ್ ಅವರದು. ಅದಿಲ್ಲದವನು ಕ್ರಾಸಿಂಗ್ ಎಷ್ಟೇ ಚೆಂದ ಕಲಿತರೂ ವರ್ಷಾ ವರ್ಷಾ ಕಂಪನಿಯ ಬಾಗಿಲಿಗೇ ಬರಬೇಕು. ಆದರೆ ಎಲ್ಲ ತೋರಿಸು ಎನ್ನುವ ಸರ್ಕಾರ, ಅರ್ಧ ಮುಚ್ಚು ಎನ್ನುವ ಕಂಪನಿ, ಇವೆರಡೂ ಕೂಡಿ ಅದೇ ಹದಿನಾಲ್ಕು ಮಂದಿಯನ್ನು ಒಲಿಸಿಕೊಳ್ಳುವುದು ಹೇಗೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ನಾನು ಹಿರೇಕೆರೂರಿನಲ್ಲಿ ಬಿ.ಎ. ಓದಿದವನು. ಸಹಿ ಮಾಡಿದ ಕಾಗದವೆಂದರೆ ನನಗೆ ದೇವರು. ಗಂಡು ಬೀಜಕ್ಕೆ ಸಹಿ ಮಾಡಿದವನು ನಾನೇ.

ನಮ್ಮವ್ವ ಯಂಕವ್ವ ಮೂವತ್ತು ವರ್ಷದಿಂದ ಕ್ರಾಸಿಂಗ್ ಮಾಡುತ್ತಿದ್ದಾಳೆ. ಮೊದಲು ಕಂಡವರ ಹೊಲದಲ್ಲಿ ಕೂಲಿಗೆ, ಈಗ ಐದು ವರ್ಷದಿಂದ ನಮ್ಮದೇ ಇಪ್ಪತ್ತು ಗುಂಟೆಯಲ್ಲಿ. ಆ ನೆಲದಲ್ಲಿ ಬೀಜ ಮಾಡಲು ಅವಳ ಹೆಸರಿನಲ್ಲಿ ಕಂಪನಿ ಪ್ಲಾಟು ಕೊಟ್ಟ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಯಾರದೋ ಬದುವಿನಲ್ಲಿ ನಿಂತು ಕೂಲಿಯ ಚೀಟಿಗೆ ಕೈ ಚಾಚುತ್ತಿದ್ದವಳು ಈಗ ಹತ್ತು ಹೆಂಗಸರಿಗೆ ಕೆಲಸ ಹೇಳುತ್ತಾಳೆ. ಆ ಪ್ಲಾಟು ಹೋದರೆ ಅವಳು ಮತ್ತೆ ಅದೇ ಬದುವಿಗೆ ಹೋಗಬೇಕು. ಆ ದಿನ ನಾನು ಏನೇನು ಮಾಡಿದೆನೋ ಅದೆಲ್ಲ ಅವಳಿಗಾಗಿಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಗ್ಗೆ ಎಂಟಕ್ಕೆ ಬಸ್ಸು ಬಂತು. ನದೀಮ ಸಾಹೇಬರು ಮೊದಲು ಇಳಿದು ಎಲ್ಲರ ಕೈಗೂ ನೀರಿನ ಬಾಟಲಿ ಕೊಟ್ಟು, ಸ್ನೇಹ, ಸಹಕಾರ, ಸದ್ಭಾವನೆ ಎಂದು ಹತ್ತು ನಿಮಿಷ ಮಾತಾಡಿದರು. ಆಮೇಲೆ ನಾನು ನನ್ನ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಗಂಡು ಸಾಲುಗಳಿದ್ದದ್ದು ಹೊಲದ ಆಚೆ ಮೂಲೆಯಲ್ಲಿ. ಅಲ್ಲಿಗೆ ಯಾರನ್ನೂ ಬಿಡಲಿಲ್ಲ. ಗಂಡು ಹೂಗಳನ್ನು ನಸುಕಿನಲ್ಲೇ ಕೀಳಿಸಿ ಬುಟ್ಟಿಯಲ್ಲಿ ತರಿಸಿಟ್ಟಿದ್ದೆ.

ಅವ್ವ ಹಿಂದಿನ ಸಂಜೆ ಸಿದ್ಧಮಾಡಿ ಕೆಂಪು ಕಾಗದದ ಟೊಪ್ಪಿಗೆ ಹಾಕಿದ್ದ ಹೆಣ್ಣು ಹೂಗಳನ್ನು ಒಂದೊಂದಾಗಿ ಬಿಚ್ಚಿ, ಬುಟ್ಟಿಯ ಹೂವನ್ನು ತಾಗಿಸಿ, ದಾರ ಕಟ್ಟಿ ತೋರಿಸಿದಳು. ಮೊಗ್ಗು ಸಿದ್ಧಮಾಡುವುದು ನಿಜವಾಗಿ ಇಳಿಹೊತ್ತಿನ ಕೆಲಸ. ಸಾಹೇಬರಿಗೆ ಹೊತ್ತಿಲ್ಲವೆಂದು ಆಗಲೇ ನಾಲ್ಕು ಮೊಗ್ಗು ಹಿಡಿದಳು. ಕ್ರಾಸಿಂಗ್ ಹೆಂಗಸರು ಬಲಗೈ ಹೆಬ್ಬೆರಳಿನ ಉಗುರು ಬಿಟ್ಟಿರುತ್ತಾರೆ. ಆ ಉಗುರಿನಿಂದ ಮೊಗ್ಗಿನ ಬುಡಕ್ಕೆ ಸುತ್ತಲೂ ಗೀರಿ, ಸಿಪ್ಪೆ, ಎಸಳು, ಗಂಡು ಭಾಗ ಎಲ್ಲವನ್ನೂ ಒಂದೇ ಎಳೆತಕ್ಕೆ ತೆಗೆಯಬೇಕು. ಒಳಗಿನ ಹೆಣ್ಣು ಭಾಗಕ್ಕೆ ಗಾಯವಾಗಬಾರದು.

ಬಂದವರೂ ಒಬ್ಬೊಬ್ಬರಾಗಿ ಮಾಡಿನೋಡಿದರು. ಹದಿಮೂರು ಮಂದಿ ಮೊಗ್ಗು ಹಿಸುಕಿ ಹಾಳುಮಾಡಿ ನಕ್ಕರು. ಹದಿನಾಲ್ಕನೆಯವಳು ಮಾಡಿಬಿಟ್ಟಳು. ಮೊದಲ ಸಲಕ್ಕೇ. ಅವಳ ಹೆಸರು ತಿಯಾಮಿಕೆ, ಊರು ಆಫ್ರಿಕಾದ ಮಲಾವಿ ದೇಶದ ಯಾವುದೋ ಹಳ್ಳಿ, ವಯಸ್ಸು ಮೂವತ್ತರ ಆಚೀಚೆ. ಅವ್ವ ಅವಳ ಕೈ ತಿರುಗಿಸಿ ನೋಡಿದಳು.

“ಇದು ಹೊಲದ ಕೈ ಐತಿ ನೋಡೊ. ಪೆನ್ನು ಹಿಡಿಯೂ ಕೈ ಅಲ್ಲ,” ಎಂದಳು ನನಗೆ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ತಿಯಾಮಿಕೆ ಬಾಯಿ ತುಂಬ ನಕ್ಕಳು. ಆಮೇಲೆ ನನ್ನನ್ನೇ ನೋಡುತ್ತ, “ಇದು ತಾಯಿ ಸಾಲು. ತಂದೆ ಎಲ್ಲಿ?” ಎಂದು ಕೇಳಿದಳು.

“ಅಲ್ಲಿಗೆ ಹೋಗಲು ಹೊತ್ತಿಲ್ಲ,” ಎಂದೆ.

“ಮೂರು ವಾರದಿಂದ ಎಲ್ಲ ಕಡೆಯೂ ಹೊತ್ತಿಲ್ಲ. ಮದುವೆ ಮಾಡಿಸುವುದನ್ನು ಕಲಿಸುತ್ತೀರಿ, ವರ ಯಾರೆಂದು ಮಾತ್ರ ಹೇಳುವುದಿಲ್ಲ,” ಎಂದಳು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದಳು. ನದೀಮ ಸಾಹೇಬರು ಕೇಳಿಸಿಕೊಂಡೂ ಕೇಳದವರಂತೆ ಮೋಡ ನೋಡುತ್ತಿದ್ದರು.

ಹನ್ನೊಂದಕ್ಕೇ ನಮ್ಮ ಮನೆಯಲ್ಲಿ ಊಟ. ನನ್ನ ಹೆಂಡತಿ ಜಯಶ್ರೀ ಜೋಳದ ರೊಟ್ಟಿ, ಕಾಳು, ಶೇಂಗಾ ಚಟ್ನಿ, ಸಾಹೇಬರು ಹೇಳಿದ್ದ ಪಲಾವು ಎಲ್ಲ ಮಾಡಿದ್ದಳು. ಅವ್ವ ಯಾರ ಮಾತೂ ಕೇಳದೆ ಹಿತ್ತಲಿನ ಜವಾರಿ ಬೆಂಡೆಕಾಯಿಯ ಪಲ್ಯ ಮಾಡಿದ್ದಳು. ಹುಳಿ ಹಾಕದ, ಲೋಳೆ ಲೋಳೆ ಪಲ್ಯ. ಹೊರದೇಶದವರಿಗೆ ಅದನ್ನು ಬಡಿಸಬೇಡವೆಂದು ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ತಿಯಾಮಿಕೆಯ ತಟ್ಟೆಗೆ ಬಿದ್ದಾಗಿತ್ತು.

ಅವಳು ಒಂದು ತುತ್ತು ತಿಂದು ನಿಲ್ಲಿಸಿದಳು. ಕೆಟ್ಟಿತು ಅಂದುಕೊಂಡೆ. ಅವಳ ಕಣ್ಣಲ್ಲಿ ನೀರು ಬಂದಿತ್ತು. “ನಮ್ಮಲ್ಲಿ ಇದಕ್ಕೆ ತೆರೆರೆ ಅನ್ನುತ್ತೇವೆ. ಅಮ್ಮ ಹೀಗೆಯೇ ಮಾಡುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಆಮೇಲೆ ನಾನು ತಿಂದಿರಲಿಲ್ಲ,” ಎಂದಳು.

ನಾನು ಅವ್ವನಿಗೆ ಹೇಳಿದೆ. ಅವ್ವ ಇನ್ನೊಂದು ಸೌಟು ಬಡಿಸಿ ಒಳಗೆ ಹೋದಳು. ಐದು ನಿಮಿಷದ ಮೇಲೆ ಕೈಯಲ್ಲಿ ಮೊರ ಹಿಡಿದು ಹೊರಗೆ ಬಂದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಐದು ಎಲೆ, ಅಡಿಕೆ, ಕುಪ್ಪಸದ ಖಣ. ಖಣದ ಒಂದು ತುದಿಯಲ್ಲಿ ಏನೋ ಗಂಟು.

“ತಾಯಿಲ್ಲದ ಹೆಣ್ಣುಮಗಳು. ನಮ್ಮ ಮನ್ಯಾಗ ಉಂಡು ಬರೇ ಉಡ್ಯಾಗ ಹ್ವಾದ್ರ ನಾ ಏನ್ ಹೆಂಗಸು,” ಎಂದಳು.

ಅವ್ವನಿಗೆ ನಾವು ಮೂವರೂ ಗಂಡುಮಕ್ಕಳು. ಸ್ವಂತ ಮಗಳ ಮಡಿಲಿಗೆ ಇದನ್ನೆಲ್ಲ ಹಾಕಿ ಉಡಿ ತುಂಬುವ ಯೋಗ ಅವಳಿಗೆ ಬಂದಿರಲಿಲ್ಲ. ತಿಯಾಮಿಕೆ ಪ್ಯಾಂಟು ಹಾಕಿದ್ದಳು. ಉಡಿ ಎಂದರೇನು ಎಂದು ಜಯಶ್ರೀ ಕೈಸನ್ನೆಯಲ್ಲಿ ತಿಳಿಸಿದಾಗ, ಅವಳು ಚೀಲದಿಂದ ತನ್ನ ದೇಶದ ಹೂಹೂವಿನ ಬಟ್ಟೆ ತೆಗೆದು ಸೊಂಟಕ್ಕೆ ಸುತ್ತಿಕೊಂಡು ಎರಡೂ ಕೈಯಿಂದ ಸೆರಗಿನಂತೆ ಹಿಡಿದಳು. ಮೊಣಕಾಲೂರಿ ಕುಳಿತಳು. ಅವರಲ್ಲಿ ಹಿರಿಯರಿಂದ ತೆಗೆದುಕೊಳ್ಳುವಾಗ ಹಾಗೆ ಕೂರುತ್ತಾರಂತೆ. ಅವ್ವ ಉಡಿ ತುಂಬುತ್ತ ಏನೇನೋ ಹೇಳುತ್ತಿದ್ದಳು. ಅಷ್ಟರಲ್ಲಿ ಮ್ಯಾನೇಜರನ ಫೋನು ಬಂತು. ನಾನು ಬೆನ್ನು ತಿರುಗಿಸಿ, ಎಲ್ಲ ಸುಸೂತ್ರ ಸರ್ ಎಂದು ಹೇಳುತ್ತಿದ್ದೆ. ಅವ್ವನ ಮಾತು ನನ್ನ ಕಿವಿಗೆ ಬಿತ್ತು. ತಿಯಾಮಿಕೆಗೆ ಅದನ್ನು ಇಂಗ್ಲಿಷಿನಲ್ಲಿ ಹೇಳುವವರು ಇರಲಿಲ್ಲ.

ಹನ್ನೆರಡೂವರೆಗೆ ಬಸ್ಸು ಹೊರಟಿತು. ಹಾನಗಲ್ಲಿನ ಗುಡಿ, ನದೀಮ ಸಾಹೇಬರ ಸ್ವಂತ ಊರು ಸವಣೂರು, ಅಲ್ಲಿಂದ ಶಿಗ್ಗಾಂವಿ ಮೇಲೆ ಹುಬ್ಬಳ್ಳಿ, ರಾತ್ರಿ ಅಲ್ಲೇ ವಸತಿ, ಮರುದಿನ ಬೆಳಗ್ಗೆ ವಿಮಾನ. ನಾನು ನೆಮ್ಮದಿಯಿಂದ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಸುಮ್ಮನೆ ಒಮ್ಮೆ ಸಾಮಾನು ಇಡುವ ಗೋಡೆಯ ಗೂಡಿನೊಳಗೆ, ನಮ್ಮ ಮಾಡಿನೊಳಗೆ, ಕೈಯಿಟ್ಟೆ.

ಗಂಡು ಬೀಜದ ಪಾಕೀಟು ಇರಲಿಲ್ಲ.

ಬಿತ್ತಿ ಉಳಿದದ್ದು, ಐವತ್ತು ಗ್ರಾಮಿನಷ್ಟು, ನಾನೇ ಮತ್ತೆ ಸೀಲು ಮಾಡಿ ಸಹಿ ಹಾಕಿಟ್ಟದ್ದು. ಹಂಗಾಮು ಮುಗಿದ ಮೇಲೆ ಕಂಪನಿಗೆ ಮರಳಿಸಬೇಕಾದದ್ದು. ಡಬ್ಬಿ ತೆಗೆದೆ, ಗಡಿಗೆ ಸರಿಸಿದೆ, ಹಾಸಿಗೆ ಕೊಡವಿದೆ. ಎಲ್ಲೂ ಇಲ್ಲ. ಜಯಶ್ರೀ ಸ್ವಸಹಾಯ ಸಂಘದ ಮೀಟಿಂಗಿಗೆಂದು ಹಿರೇಕೆರೂರಿಗೆ ಹೋಗಿದ್ದಳು. ನಾಲ್ಕು ಸಲ ಫೋನು ಹಚ್ಚಿದೆ, ಎತ್ತಲಿಲ್ಲ. ಆಗ ಖಣದ ತುದಿಯ ಗಂಟು ನೆನಪಾಯಿತು. ಹೊಲಕ್ಕೆ ಓಡಿದೆ.

ಅವ್ವ ಬದುವಿನಲ್ಲಿ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದಳು.

“ಅವ್ವ, ಅಕಿ ಉಡ್ಯಾಗ ಬೀಜ ಹಾಕೀಯೇನು?”

“ಹಾಕಿದ್ನೆಪ. ಹೊಲ ಮಾಡೂ ಮಗಳಿಗೆ ಬೀಜ ಹಾಕದ ಕಳಸ್ತಾರನು? ಬೆಂಡಿ ಬೀಜ ಹಾಕೇನಿ.”

“ಯಾವ ಬೆಂಡಿ?”

“ಹಿತ್ತಲದಾಗಿಂದು. ನಮ್ಮವ್ವ ನನ್ನ ಉಡ್ಯಾಗ ಹಾಕಿದ್ದು. ವರ್ಷಾ ಹಚ್ಚಿ ಬೀಜ ಹಿಡದ ಇಡ್ತೇನೆಲ್ಲ, ಅದ.”

“ಮಾಡಿನಾಗಿನ ಪಾಕೀಟು ಮುಟ್ಟೀಯೇನು?”

“ನಾ ಯಾಕ ಮುಟ್ಟಲೊ ಅದನ್ನ,” ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ನಾನು ನಂಬಲಿಲ್ಲ. ಅವಳು ಸುಳ್ಳು ಹೇಳುತ್ತಾಳೆಂದಲ್ಲ. ಎಡಗಣ್ಣಿನ ಪೊರೆ ತೆಗೆಸಿದ್ದು ಹೋದ ವರ್ಷ, ಬಲಗಣ್ಣಿನದು ಇನ್ನೂ ಹಾಗೆಯೇ ಇದೆ. ಒಳಗಿನ ಕೋಣೆ ಕತ್ತಲು. ಬೆಂಡೆ ಬೀಜಕ್ಕೂ ಬೆಂಡೆ ಬೀಜಕ್ಕೂ ನೋಡಲು ವ್ಯತ್ಯಾಸವೇನಿದೆ? ಅವಸರದಲ್ಲಿ ಕೈಗೆ ಸಿಕ್ಕಿದ ಪಾಕೀಟು ಬಿಚ್ಚಿ ಸುರಿದು, ತನ್ನದೇ ಎಂದು ತಿಳಿದಿದ್ದಾಳೆ. ಮುದುಕಿ. ಪಾಪ. ಇಷ್ಟನ್ನು ನಾನು ಬದುವಿನಿಂದ ರಸ್ತೆಗೆ ಬರುವಷ್ಟರಲ್ಲಿ ತೀರ್ಮಾನಿಸಿಬಿಟ್ಟೆ. ಅವಳಿಗೆ ಏನೂ ಹೇಳದೆ ಗಾಡಿ ತೆಗೆದೆ.

ನದೀಮ ಸಾಹೇಬರಿಗೆ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅವರು ಸರ್ಕಾರದ ಮನುಷ್ಯ. ಅವರ ಕಿವಿಗೆ ಬಿದ್ದರೆ ವರದಿ, ವರದಿಯಾದರೆ ಕಂಪನಿ, ಕಂಪನಿಗೆ ಗೊತ್ತಾದರೆ ಅವ್ವನ ಪ್ಲಾಟು. ಅದಕ್ಕೇ ಎಲ್ಲಿದ್ದೀರಿ ಎಂದಷ್ಟೇ ಕೇಳುತ್ತ ಹೊರಟೆ.

ಹಾನಗಲ್ಲು ಮುಟ್ಟಿದಾಗ ಮೂರು. ಗುಡಿಯ ಮುಂದೆ ಬಸ್ಸಿಲ್ಲ. ಹತ್ತು ನಿಮಿಷ ಆಯ್ತು ಹೋಗಿ ಎಂದ ಚಹಾ ಅಂಗಡಿಯವನು. ಬಂಕಾಪುರದ ದಾರಿ ಹಿಡಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಜಗಳ. ಹೋಗಿ ಏನೆಂದು ಕೇಳಬೇಕು? ನಾನು ಗಂಡಸು. ತುಂಬಿದ ಉಡಿಗೆ ಗಂಡಸು ಕೈ ಹಚ್ಚುವಂತಿಲ್ಲ. ಕೊಟ್ಟ ಉಡಿಯನ್ನು ಬೇಡಿದ ಉದಾಹರಣೆ ನಮ್ಮ ವಂಶದಲ್ಲಿಲ್ಲ. ಹಾಗೆಂದು ಬಿಟ್ಟರೆ ಕಂಪನಿಯ ಗುಟ್ಟು ವಿಮಾನ ಹತ್ತುತ್ತದೆ. ಸರ್ಕಾರ ಮುಚ್ಚಿಡಬೇಡ ಎಂದದ್ದನ್ನು ಕೊಟ್ಟದ್ದು ಕಳ್ಳತನವೇ? ಕೊಟ್ಟವಳಿಗೆ ತಾನು ಏನು ಕೊಟ್ಟೆನೆಂದೇ ಗೊತ್ತಿಲ್ಲದಿದ್ದರೆ ಅದು ಕೊಟ್ಟದ್ದಾಗುತ್ತದೆಯೇ? ಯೋಚಿಸಿದಷ್ಟೂ ಗೊಂದಲ ಹೆಚ್ಚಾಯಿತು. ಒಂದು ಕಡೆ ಎದುರಿಗೆ ಬಂದ ಟ್ರ್ಯಾಕ್ಟರಿನವನು ಬಾಯಿಗೆ ಬಂದಂತೆ ಬೈದು ಹೋದ.

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಎಲ್ಲರೂ ಸಿಕ್ಕರು. ಹತ್ತು ಜನ ತಬ್ಬಿದರೂ ಹಿಡಿಸದ ಆ ದಪ್ಪ ದೊಡ್ಡಹುಣಸೆ ಮರಗಳ ಕೆಳಗೆ ಫೋಟೋ ನಡೆದಿತ್ತು. ನನ್ನನ್ನು ಕಂಡದ್ದೇ ನದೀಮ ಸಾಹೇಬರು ಓಡಿಬಂದು ತಬ್ಬಿಕೊಂಡರು.

“ಅರೆ ಫಕ್ಕೀರೇಶ! ಬೀಳ್ಕೊಡಾಕ ಇಷ್ಟ ದೂರ ಬಂದ್ರಾ? ನೋಡ್ರಿ, ಇದಕ್ಕ ಅನ್ನೂದು ಸಂಬಂಧ!” ಎಂದು ಎಲ್ಲರಿಗೂ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಹದಿನಾಲ್ಕು ಮಂದಿಯೂ ಚಪ್ಪಾಳೆ ತಟ್ಟಿದರು. ಯಾರೋ ನನ್ನ ಕೊರಳಿಗೆ ತಮ್ಮ ದೇಶದ ಧ್ವಜದ ಪಟ್ಟಿ ಹಾಕಿದರು.

ತಿಯಾಮಿಕೆ ಮರದ ಬೊಡ್ಡೆಗೆ ಅಂಗೈ ಹಚ್ಚಿ ನಿಂತಿದ್ದಳು. ಹೂಹೂವಿನ ಬಟ್ಟೆ ಇನ್ನೂ ಸೊಂಟದಲ್ಲೇ ಇತ್ತು, ಉಡಿಯ ಗಂಟು ಮುಂದೆ ಉಬ್ಬಿಕೊಂಡು. “ಅಣ್ಣಾ, ಇದು ನಮ್ಮ ಮರ! ನಮ್ಮ ಶಾಲೆಯ ಹಿಂದೆ ಇದೆ. ಇಲ್ಲಿಗೆ ಹೇಗೆ ಬಂತು?” ಎಂದು ಕೇಳಿದಳು.

“ನೂರಾರು ವರ್ಷದ ಹಿಂದ ಯಾರೋ ಆಫ್ರಿಕಾದಿಂದ ಬೀಜ ತಂದಿದ್ರಂತ. ಯಾರು ಅಂತ ಯಾರಿಗೂ ಗೊತ್ತಿಲ್ರಿ. ನೀವ ಹೇಳ್ರಿ ಅವ್ರಿಗೆ,” ಎಂದರು ನದೀಮ ಸಾಹೇಬರು ನನಗೆ.

ನಾನು ಹೇಳಿದೆ. ಯಾರ ಸಹಿ ಪಡೆದು ತಂದರೋ ಪುಣ್ಯಾತ್ಮರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅವಳು ನನ್ನನ್ನು ಅಣ್ಣ ಎಂದದ್ದು ಬೇರೆ ಚುಚ್ಚುತ್ತಿತ್ತು. ಆ ಜನರ ನಡುವೆ ಕೇಳಲು ಧೈರ್ಯ ಬರಲಿಲ್ಲ. ಬಸ್ಸು ಹೊರಟಿತು, ಹಿಂದೆ ನಾನೂ ಹೊರಟೆ. ಕಿಟಕಿಯಿಂದ ಅವರೆಲ್ಲ ಕೈಬೀಸುತ್ತಲೇ ಇದ್ದರು.

ಶಿಗ್ಗಾಂವಿಯ ಹೊರಗೆ ಹೈವೇ ಹೋಟೆಲಿನಲ್ಲಿ ಚಹಾಕ್ಕೆ ನಿಂತಾಗ ಐದು ದಾಟಿತ್ತು. ಇದಕ್ಕಿಂತ ಮುಂದೆ ಬೆನ್ನು ಹತ್ತಿದರೆ ಸಾಹೇಬರಿಗೆ ಅನುಮಾನ ಬರುವುದು ಖಂಡಿತ. ಎಲ್ಲರೂ ಮಿರ್ಚಿ ಭಜಿಗೆ ಮುತ್ತಿಕೊಂಡಿದ್ದರು. ತಿಯಾಮಿಕೆಯನ್ನು ಬೇವಿನ ಗಿಡದ ಕೆಳಗೆ ಕರೆದೆ.

“ಅಮ್ಮ ಕೊಟ್ಟ ಬಟ್ಟೆಯಲ್ಲಿ ಬೀಜದ ಗಂಟಿದೆ. ಅದು ನನಗೆ ವಾಪಸ್ ಬೇಕು,” ಎಂದೆ. ಅಭ್ಯಾಸ ಮಾಡಿಕೊಂಡಿದ್ದ ಮಾತೆಲ್ಲ ಮರೆತು ಅಷ್ಟೇ ಹೊರಬಂತು.

ಅವಳ ನಗು ಅಲ್ಲಿಗೇ ನಿಂತಿತು. “ನಾನು ಏನಾದರೂ ತಪ್ಪು ಮಾಡಿದೆನೇ?”

“ಇಲ್ಲ, ಇಲ್ಲ. ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಬೀಜಕ್ಕೆ ಕಾಗದ ಬೇಕು.”

“ಗೊತ್ತು. ನಾನೂ ಕೃಷಿ ಅಧಿಕಾರಿ. ಹುಬ್ಬಳ್ಳಿಯಲ್ಲಿ ನದೀಮರಿಗೆ ಹೇಳಿ ಇದನ್ನು ಅವರ ಕೈಗೆ ಕೊಡುವವಳಿದ್ದೆ. ಕಾಗದ ಮಾಡಿಸಿ ಆಮೇಲೆ ಕಳಿಸಲಿ ಎಂದು,” ಎಂದಳು.

ನದೀಮ ಸಾಹೇಬರ ಕೈಗೆ! ಅವರ ಕೈಯಿಂದ ಪರೀಕ್ಷೆಗೆ, ಪರೀಕ್ಷೆಯಿಂದ ಕಂಪನಿಗೆ.

“ಬೇಡ, ನನಗೇ ಕೊಡಿ,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಅಮ್ಮ ಕೇಳಿ ಕಳಿಸಿದರೇ?”

ಇಲ್ಲ ಎಂದರೆ ಕೊಡಲಾರಳು ಎಂದು ನನಗೆ ಅನ್ನಿಸಿತು. “ಹೌದು. ಅಮ್ಮನೇ ಕಳಿಸಿದ್ದು,” ಎಂದೆ.

ಅಷ್ಟು ಸಾಕಾಯಿತು. ಅವಳು ತಿರುಗಿ ನಿಂತು ಉಡಿ ಬಿಚ್ಚಿದಳು. ಅಕ್ಕಿಯ ಒಂದು ಕಾಳೂ ಚೆಲ್ಲದಂತೆ ಖಣದ ತುದಿಯ ಗಂಟು ಸಡಿಲಿಸಿ, ಬೀಜವನ್ನು ತನ್ನ ಕರವಸ್ತ್ರಕ್ಕೆ ಸುರಿದು ಕಟ್ಟಿದಳು. ಒಂದು ಮುಷ್ಟಿಗಿಂತ ಸ್ವಲ್ಪ ಕಡಿಮೆ ಇತ್ತು. ಲಾರಿಗಳು ಓಡಾಡುವ ಆ ಹೈವೇ ಪಕ್ಕದಲ್ಲಿ, ಅವ್ವನ ಮುಂದೆ ಮಾಡಿದಂತೆಯೇ ಮೊಣಕಾಲು ಬಗ್ಗಿಸಿ, ಎರಡೂ ಕೈಯಿಂದ ನನಗೆ ಕೊಟ್ಟಳು.

“ಒಂದು ಕೇಳಲೇ? ಉಡಿ ತುಂಬುವಾಗ ಅಮ್ಮ ಏನೋ ಹೇಳಿದರು. ನೀವು ಫೋನಿನಲ್ಲಿದ್ದಿರಿ. ಏನೆಂದರು?”

ಇದು ಇನ್ನು ನಿನ್ನ ತವರುಮನೆ ಮಗಳೇ, ಬಂದು ಹೋಗು ಎಂದು ಅವ್ವ ಅಂದಿದ್ದಳು. ಬೀಜದ ಗಂಟು ಕೈಯಲ್ಲಿ ಹಿಡಿದುಕೊಂಡು ಅದನ್ನು ನಾನು ಯಾವ ಬಾಯಿಂದ ಹೇಳಲಿ?

“ಸುಖವಾಗಿ ಹೋಗಿ ಬಾ ಅಂದರು,” ಎಂದೆ.

ಅವಳು ತಲೆಯಾಡಿಸಿ ಬಸ್ಸು ಹತ್ತಿದಳು. ಈ ಸಲ ಕಿಟಕಿಯಿಂದ ಅವಳು ಕೈಬೀಸಲಿಲ್ಲ. ಅವಳ ಸೊಂಟದ ಬಟ್ಟೆಯೂ ಬಿಚ್ಚಿತ್ತು. ನಾನು ಗೆದ್ದುಬಂದೆನೋ ಸೋತುಬಂದೆನೋ ತಿಳಿಯದೆ ಗಾಡಿ ತಿರುಗಿಸಿದೆ. ಆದರೂ ಅವ್ವನ ಪ್ಲಾಟು ಉಳಿಯಿತಲ್ಲ ಎಂದು ಮೈಲಿಗೊಂದು ಸಲ ಹೇಳಿಕೊಂಡೆ.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಜಯಶ್ರೀ ಬಾಗಿಲಿಗೆ ಬಂದಳು.

“ನಾಕ ಸಲ ಫೋನ್ ಹಚ್ಚೀರೆಲ್ಲ, ಏನಾಗಿತ್ರಿ?”

“ಮಾಡಿನಾಗಿನ ಪಾಕೀಟು...”

“ಅದಾ? ಟ್ರಂಕಿನಾಗ ಇಟ್ಟೇನ್ರಿ. ಬರೂ ಮಂದಿ, ಹೋಗೂ ಮಂದಿ. ಯಾರರ ಕಂಡಾರು ಅಂತ ನಸಕಿನ್ಯಾಗ ತಗದಿಟ್ಟೆ.” ಒಳಗೆ ಹೋಗಿ ತಂದು ತೋರಿಸಿದಳು. ಸೀಲು ಹಾಗೇ ಇತ್ತು. ಸೀಲಿನ ಮೇಲೆ ನನ್ನ ಸಹಿಯೂ ಹಾಗೇ ಇತ್ತು.

ನಾನು ಹೊಸ್ತಿಲ ಹೊರಗೆ ನಿಂತೇ ಇದ್ದೆ. ಜಯಶ್ರೀಯ ಹಿಂದೆ ಅವ್ವ ಬಂದಳು. ನನ್ನ ಕೈಯಲ್ಲಿದ್ದ ಕರವಸ್ತ್ರ ನೋಡಿ, ಏನದು ಎನ್ನುವಂತೆ ತೆಗೆದುಕೊಳ್ಳಲು ಕೈ ಚಾಚಿದಳು. ಗಂಟಿನ ಸಂದಿಯಲ್ಲಿ ಕಂಡ ಎರಡು ಕಾಳನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಕಣ್ಣಿಂದ ನೋಡಲೇ ಇಲ್ಲ. ಬೆರಳಿಗೇ ಗೊತ್ತಾಯಿತು. ಹಾವು ಮುಟ್ಟಿದವಳಂತೆ ಕೈ ಹಿಂದಕ್ಕೆ ತೆಗೆದಳು.

“ಇದು ನಾ ಹಾಕಿದ್ದ ಐತೆಲ್ಲೊ.”

“ಹೂಂ.”

“ಅಕಿಗೇನಾತು?” ಎಂದಳು ಅವ್ವ. “ಬಸ್ಸಿಗೇನರ ಆತೇನು? ಹೇಳೊ ಬಾಯಿ ಬಿಟ್ಟು. ಅಕಿ ಚಲೋ ಅದಾಳಿಲ್ಲ?”

“ಚಲೋ ಅದಾಳವ್ವ. ಏನೂ ಆಗಿಲ್ಲ. ನಾನ ಕೇಳಿ ಇಸ್ಗೊಂಡ್ ಬಂದೆ. ಕಂಪನಿ ಬೀಜ ಅಂತ ತಿಳದ...”

“ನಾ ಹೇಳಿದ್ನೆಲ್ಲೊ.”

“ಹೇಳಿದ್ದಿ.”

ಅವಳು ಗೋಡೆಗೆ ಕೈ ಕೊಟ್ಟು ನಿಂತಳು. ಮೂವತ್ತು ವರ್ಷ ಕ್ರಾಸಿಂಗ್ ಮಾಡಿದವಳಿಗೆ ಬೀಜ ಗೊತ್ತಾಗುವುದಿಲ್ಲವೇ ಎಂದು ಬೈದಿದ್ದರೆ ನಾನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. “ಯಾರ ಬೇಡ್ಯಾರಂತ ಹೇಳಿ ಇಸ್ಗೊಂಡಿ?” ಎಂದಷ್ಟೇ ಕೇಳಿದಳು.

ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. “ನೀ ಬೇಡಿ ಕಳಿಸೀದಿ ಅಂತ ಹೇಳಿದೆ.”

ಜಯಶ್ರೀ ಅವ್ವನ ತೋಳು ಹಿಡಿದಳು. ನಾನು ಒಳಗೆ ಬರಲು ಕಾಲೆತ್ತಿದೆ.

“ಅದನ್ನ ಒಳಗ ತರಬ್ಯಾಡ,” ಎಂದಳು ಅವ್ವ. “ಮಗಳು ಸತ್ತಾಗಷ್ಟ ಉಡಿ ಹೊಳ್ಳಿ ಮನಿಗೆ ಬರ್ತೈತಿ.”

ಅವಳು ಒಳಗೆ ಹೋದಳು. ಜಯಶ್ರೀ ನನ್ನನ್ನೊಮ್ಮೆ ನೋಡಿ ಅವಳ ಹಿಂದೆಯೇ ಹೋದಳು. ನಾನು ಕರವಸ್ತ್ರದ ಗಂಟು ಹಿಡಿದುಕೊಂಡು ಅಂಗಳದಲ್ಲಿ ಉಳಿದೆ. ಒಳಗೆ ತರುವಂತಿಲ್ಲ, ಎಸೆಯುವಂತಿಲ್ಲ, ಬಿತ್ತುವ ಹಕ್ಕು ನನಗಿಲ್ಲ. ಅದು ನಮ್ಮದಲ್ಲ, ಕಂಪನಿಯದಲ್ಲ, ಯಾವ ಸರ್ಕಾರದ್ದೂ ಅಲ್ಲ. ಮೊಬೈಲಿನಲ್ಲಿ ನದೀಮ ಸಾಹೇಬರ ಸಂದೇಶ ಬಂದಿತ್ತು. ಹದಿನಾಲ್ಕು ಮಂದಿಯೂ ಅಭಿಪ್ರಾಯದ ಫಾರ್ಮಿನಲ್ಲಿ ನಮ್ಮ ಹಂಸಭಾವಿಯ ಭೇಟಿಗೆ ‘ಅತ್ಯುತ್ತಮ’ ಎಂದು ಗುರುತು ಹಾಕಿದ್ದಾರಂತೆ. ದಿಲ್ಲಿಯವರು ಬಹಳ ಖುಷಿಯಾಗುತ್ತಾರಂತೆ.

ಹದಿನಾಲ್ಕು ಎಂದರೆ ಅವಳೂ ಸೇರಿ. ಅದನ್ನೇ ಮೂರು ಸಲ ಓದಿದೆ. ಆಮೇಲೆ ಗಾಡಿಯ ಕೀಲಿ ತಿರುಗಿಸಿ ಸಾಹೇಬರಿಗೆ ಫೋನು ಹಚ್ಚಿದೆ.

“ಸಾಹೇಬ್ರ, ಹುಬ್ಬಳ್ಯಾಗ ಯಾವ ಹೋಟೆಲಿನಾಗ ಇಳದೀರಿ? ನಾ ಈಗ ಬರಾಕತ್ತೇನ್ರಿ. ನನ್ನ ತಂಗಿದೊಂದು ಸಾಮಾನು ನನ್ನ ಕಡೆ ಉಳದೈತಿ. ಅದಕ್ಕ ಕಾಗದಾ ಮಾಡ್ಸೂದು ಹೆಂಗಂತ ನೀವ ಹೇಳಿಕೊಡಬೇಕು. ಕಂಪನಿಯವ್ರು ಕೇಳಿದ್ರ ನಾ ಉತ್ತರಾ ಕೊಡ್ತೇನಿ.”

ಆ ಕಡೆ ಗದ್ದಲ ಕೇಳಿಸಿತು, ತಟ್ಟೆಗಳ ಸದ್ದು, ಯಾರದೋ ನಗು.

“ಯಾವ ತಂಗಿ ಫಕ್ಕೀರೇಶ?” ಎಂದರು ನದೀಮ ಸಾಹೇಬರು. “ನಿಮಗ ತಂಗಿ ಎಲ್ಲಿ ಅದಾಳ?”